ಮಳೆಗಾಲದ ಸೌದೆ: ಡಿಸೆಂಬರಿನಲ್ಲಿ ಸೀಳಿದ್ದೇ ಜುಲೈಯಲ್ಲಿ ಉರಿಯುವುದು

ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ಬೆಳಗ್ಗೆ ಆರೂವರೆ. ಬಚ್ಚಲ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಊದುಗೊಳವೆ ಊದಿ ಊದಿ ನನ್ನ ಕಣ್ಣು ಕೆಂಪಾಗಿತ್ತು. ಸೌದೆ ಕುಂಟೆಯ ತುದಿಯಲ್ಲಿ ನೊರೆ ಉಕ್ಕುತ್ತಿತ್ತು, ಸುಂಯ್ ಅಂತ ಸದ್ದು ಬೇರೆ. ಹಂಡೆ ನೀರು ಇನ್ನೂ ಉಗುರುಬೆಚ್ಚಗೂ ಆಗಿರಲಿಲ್ಲ. ಕೊನೆಗೆ ಅಮ್ಮ ಬಂದು ಎರಡು ಕರಟ, ಒಂದು ಹಿಡಿ ಅಡಿಕೆ ಸಿಪ್ಪೆ ತುರುಕಿ, "ಸೌದೆ ಒಲೇಲಿ ಒಣಗಿಸೋದಲ್ಲ ಮಾರಾಯ, ಅಂಗಳದಲ್ಲಿ ಒಣಗಿಸೋದು" ಅಂದರು.

ಆ ವರ್ಷ ನಾನು ಸೌದೆ ತರಿಸಿದ್ದು ಏಪ್ರಿಲ್ ಕೊನೆಗೆ. ಬಿಸಿಲು ಚೆನ್ನಾಗಿದೆ, ಒಂದು ತಿಂಗಳು ಸಾಕು ಅಂದುಕೊಂಡಿದ್ದೆ. ಸೀಳಿಸಿರಲಿಲ್ಲ. ಮೇಲಿಂದ ತಾಡಪಾಲು ಬಿಗಿಯಾಗಿ ಹೊದಿಸಿದ್ದೆ. ಮಾಡಬಾರದ ಮೂರೂ ತಪ್ಪನ್ನು ಒಟ್ಟಿಗೇ ಮಾಡಿದ್ದೆ ಅನ್ನುವುದು ಆಮೇಲೆ ಗೊತ್ತಾಯಿತು.

ಮಲೆನಾಡಿನ ಮನೆಗೆ ಸೌದೆ ಅಂದರೆ ಬರೀ ಅಡುಗೆ ಅಲ್ಲ. ಅಡುಗೆ ಹೇಗೂ ಗ್ಯಾಸಿಗೆ ಹೋಗಿದೆ. ಆದರೆ ಸ್ನಾನದ ಹಂಡೆ, ಮಳೆಯಲ್ಲಿ ಬಟ್ಟೆ ಒಣಗಿಸುವುದು, ಚಳಿಗೆ ಕಾಯಿಸಿಕೊಳ್ಳುವ ಬೆಂಕಿ, ಕೆಲವರಿಗೆ ಅಡಿಕೆ ಬೇಯಿಸುವ ಒಲೆ, ಇವೆಲ್ಲ ಇನ್ನೂ ಕಟ್ಟಿಗೆಯ ಮೇಲೇ ನಿಂತಿವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ನಾಲ್ಕು ತಿಂಗಳು ಹೊರಗೆ ಇಟ್ಟ ಯಾವುದೂ ಒಣಗುವುದಿಲ್ಲ. ಹಾಗಾಗಿ ಲೆಕ್ಕ ಹಿಂದಿನ ಚಳಿಗಾಲದಿಂದಲೇ ಶುರುವಾಗಬೇಕು.

ಹಸಿ ಸೌದೆ ಕದಿಯುವುದು ಏನನ್ನು?

ಈಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಮರದ ಮೇಲೆ ಸ್ವಲ್ಪ ಆಚೀಚೆ ಆಗಬಹುದು. ಉರಿಸಲು ಯೋಗ್ಯ ಅನ್ನಿಸಿಕೊಳ್ಳಬೇಕಾದರೆ ನೀರಿನ ಪಾಲು ಐದರಲ್ಲಿ ಒಂದಕ್ಕೆ, ಅಂದರೆ ಶೇ. 20ಕ್ಕೆ ಇಳಿಯಬೇಕು. ಇನ್ನೂ ಇಳಿದರೆ ಒಳ್ಳೆಯದೇ.

ನೀರನ್ನು ಆವಿ ಮಾಡುವುದಕ್ಕೇ ಬೆಂಕಿಯ ಶಾಖವೆಲ್ಲ ಖರ್ಚಾಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಲೆಕ್ಕ ಹಾಕಿ ನೋಡಿದರೆ ಕಥೆ ಬೇರೆ. ಒಂದು ಕಿಲೋ ಹಸಿ ಸೌದೆಯಲ್ಲಿ ಅರ್ಧ ಕಿಲೋ ಮರ, ಅರ್ಧ ಕಿಲೋ ನೀರು. ಆ ಅರ್ಧ ಕಿಲೋ ಮರದಲ್ಲಿ ಸುಮಾರು 2,200 ಕಿಲೋಕ್ಯಾಲರಿ ಶಾಖ ಇರುತ್ತದೆ. ಅರ್ಧ ಕಿಲೋ ನೀರನ್ನು ಕುದಿಸಿ ಆವಿ ಮಾಡಿ ಓಡಿಸಲು ಬೇಕಾಗುವುದು ಸುಮಾರು 300. ಅಂದರೆ ಏಳರಲ್ಲಿ ಒಂದು ಪಾಲು ಮಾತ್ರ ಹೋಯಿತು. ಉಳಿದದ್ದು ಎಲ್ಲಿಗೆ ಹೋಯಿತು?

ಹೊಗೆಯಾಗಿ ಹೋಯಿತು. ಮರ ಬಿಸಿಯಾದಾಗ ಮೊದಲು ಅನಿಲ ಹೊರಡುತ್ತದೆ. ಜ್ವಾಲೆ ಅಂತ ನಾವು ನೋಡುವುದು ಆ ಅನಿಲ ಉರಿಯುವುದನ್ನೇ. ಒಲೆ ತಕ್ಕಷ್ಟು ಬಿಸಿ ಇಲ್ಲದಿದ್ದರೆ ಆ ಅನಿಲ ಹೊತ್ತಿಕೊಳ್ಳದೆ ದಟ್ಟ ಹೊಗೆಯಾಗಿ ಹೊರಗೆ ಹೋಗುತ್ತದೆ. ಹಸಿ ಸೌದೆ ಒಲೆಯನ್ನು ಬಿಸಿಯಾಗಲು ಬಿಡುವುದೇ ಇಲ್ಲ. ನಿಮ್ಮ ಕಣ್ಣು ಉರಿಸುವ ಆ ಹೊಗೆ, ನೀವು ದುಡ್ಡು ಕೊಟ್ಟು ತಂದ ಉರುವಲೇ. ಅದೇ ಹೊಗೆ ಹೊಗೆಕೊಳವೆಯ ಒಳಗೆ ತಣ್ಣಗಾಗಿ ಜಿಗುಟು ಮಸಿಯಾಗಿ ಅಂಟುತ್ತದೆ. ತುಂಬಾ ಕೂತರೆ ಒಂದು ದಿನ ಕೊಳವೆಯೊಳಗೇ ಬೆಂಕಿ ಹಿಡಿಯಬಹುದು.

ಎಷ್ಟು ಬೇಕು?

60 ಲೀಟರಿನ ಹಂಡೆ ಅಂತ ಇಟ್ಟುಕೊಳ್ಳಿ. ನೀರನ್ನು 20 ಡಿಗ್ರಿಯಿಂದ 55 ಡಿಗ್ರಿಗೆ ತರಬೇಕು. 60ನ್ನು 35ರಿಂದ ಗುಣಿಸಿ: 2,100 ಕಿಲೋಕ್ಯಾಲರಿ. ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 3,500 ಇದೆ. ಆದರೆ ಸಾದಾ ಮಣ್ಣಿನ ಒಲೆಯಲ್ಲಿ ಹಂಡೆಗೆ ತಲುಪುವುದು ಐದರಲ್ಲಿ ಒಂದು ಪಾಲು ಅಂತ ಹಿಡಿಯಿರಿ, 700. ಹಾಗಾಗಿ ಹಂಡೆಗೆ 3 ಕಿಲೋ. ದಿನಕ್ಕೆ ಎರಡು ಸಲ ಕಾಯಿಸಿದರೆ 6 ಕಿಲೋ. ಮಳೆಗಾಲದ 120 ದಿನಕ್ಕೆ ಏಳು ಕ್ವಿಂಟಾಲ್ ಚಿಲ್ಲರೆ. ಬಟ್ಟೆ ಒಣಗಿಸುವ ಬೆಂಕಿ, ಬಂದ ನೆಂಟರು ಎಲ್ಲ ಸೇರಿ ನಾನು ಹತ್ತು ಕ್ವಿಂಟಾಲ್ ಇಟ್ಟುಕೊಳ್ಳುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ ರೂಪಿಸಿದಂಥ, ಅಡಿಯಲ್ಲಿ ಜಾಲರಿ ಮತ್ತು ಹೊಗೆಕೊಳವೆ ಇರುವ ಒಲೆ ಇದ್ದರೆ ಇನ್ನೂ ಕಡಿಮೆ ಸಾಕು. ಆದರೆ ಒಲೆ ಎಷ್ಟೇ ಒಳ್ಳೆಯದಿದ್ದರೂ ಹಸಿ ಕುಂಟೆ ಹಾಕಿದರೆ ಅದೂ ಹೊಗೆಯನ್ನೇ ಕಾರುತ್ತದೆ.

ಮೊದಲ ಹೆಜ್ಜೆ: ಮರ ವಿಂಗಡಿಸುವುದು

ಯಾವ ಮರ ಒಳ್ಳೆಯ ಸೌದೆ ಅಂತ ಕೇಳಿದರೆ ಪ್ರತಿ ಊರಲ್ಲೂ ಒಂದೊಂದು ಉತ್ತರ ಸಿಗುತ್ತದೆ. ಒಂದು ವಿಷಯ ಮಾತ್ರ ನೆನಪಿರಲಿ. ಚೆನ್ನಾಗಿ ಒಣಗಿದ ಮೇಲೆ ಕಿಲೋ ಲೆಕ್ಕದಲ್ಲಿ ಎಲ್ಲ ಮರಗಳ ಶಾಖವೂ ಹೆಚ್ಚುಕಡಿಮೆ ಒಂದೇ. ಬೂರುಗದ ಒಂದು ಕಿಲೋಗೂ ಹುಣಸೆಯ ಒಂದು ಕಿಲೋಗೂ ಅಂಥ ದೊಡ್ಡ ಅಂತರ ಇಲ್ಲ. ಅಂತರ ಇರುವುದು ಗಾತ್ರದಲ್ಲಿ. ಒಂದು ಕಿಲೋ ಬೂರುಗ ಅಂದರೆ ತೋಳು ತುಂಬ ಸೌದೆ, ದಪದಪ ಉರಿದು ಹತ್ತು ನಿಮಿಷದಲ್ಲಿ ಬೂದಿ. ಒಂದು ಕಿಲೋ ಹುಣಸೆ ಅಂದರೆ ಒಂದು ಸಣ್ಣ ತುಂಡು, ನಿಧಾನವಾಗಿ ಉರಿದು ಗಟ್ಟಿ ಕೆಂಡ ಬಿಡುತ್ತದೆ.

ಅದಕ್ಕೆ ನಾನು ಮರದ ಹೆಸರಿಗಿಂತ ಅದು ಮಾಡುವ ಕೆಲಸ ನೋಡಿ ಮೂರು ರಾಶಿ ಮಾಡುತ್ತೇನೆ. ಹೊತ್ತಿಸುವುದು, ಉರಿಯುವುದು, ನಿಲ್ಲುವುದು.

ಹೊತ್ತಿಸುವ ರಾಶಿಯಲ್ಲಿ ತೆಂಗಿನ ಗರಿ, ಕರಟ, ಒಣಗಿದ ಅಡಿಕೆ ಸಿಪ್ಪೆ, ಹಾಳೆ ಚೂರು, ಪುಳ್ಳೆ, ಕೊಡಲಿ ಏಟಿಗೆ ಹಾರಿದ ಚಕ್ಕೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಜುಲೈಯಲ್ಲಿ ಮೊದಲು ಮುಗಿಯುವುದೂ ಇದೇ. ಎರಡು ಮೂಟೆ ಕರಟ ಬೇರೆಯಾಗಿ ಎತ್ತಿಡಿ. ಸೀಮೆಎಣ್ಣೆ ಹುಡುಕುವ ಕೆಲಸ ತಪ್ಪುತ್ತದೆ.

ಉರಿಯುವ ರಾಶಿಯೇ ದೊಡ್ಡದು. ನಮ್ಮ ಕಡೆ ಇದರಲ್ಲಿ ಈಗ ಅಕೇಶಿಯಾದ್ದೇ ರಾಜ್ಯಭಾರ. ಅದರ ನೆಡುತೋಪುಗಳ ಬಗ್ಗೆ ನನಗೆ ನನ್ನದೇ ತಕರಾರು ಇದೆ. ಅದರ ಕೆಳಗೆ ಹುಲ್ಲೂ ಸರಿಯಾಗಿ ಬರುವುದಿಲ್ಲ. ಆದರೆ ಒಲೆ ಮುಂದೆ ಕೂತಾಗ ಆ ತಕರಾರು ಮರೆತುಹೋಗುತ್ತದೆ. ಚೆನ್ನಾಗಿ ಸೀಳುತ್ತದೆ, ಒಂದು ಬೇಸಿಗೆಯಲ್ಲಿ ಒಣಗುತ್ತದೆ, ಕೆಂಡವೂ ಪರವಾಗಿಲ್ಲ. ಕಾಫಿ ತೋಟದವರಿಗೆ ಸಿಲ್ವರ್ ಓಕ್ ಇದೆ. ಬೇಗ ಒಣಗುತ್ತದೆ, ಬೇಗ ಉರಿಯುತ್ತದೆ, ಕೆಂಡ ಮಾತ್ರ ಸುಮಾರು. ಮಾವು, ಹಲಸಿನ ಕೊಂಬೆಗಳೂ ಇದೇ ರಾಶಿಗೆ. ನೀಲಗಿರಿ ಚೆನ್ನಾಗಿ ಉರಿಯುತ್ತದೆ. ಆದರೆ ಅದರ ನಾರು ತಿರುಚಿಕೊಂಡಿರುತ್ತದೆ. ಹಸಿ ಇದ್ದಾಗಲೇ ಸೀಳದಿದ್ದರೆ ಆಮೇಲೆ ಕೊಡಲಿ ಸಿಕ್ಕಿಕೊಳ್ಳುತ್ತದೆ.

ನಿಲ್ಲುವ ರಾಶಿ ಅಂದರೆ ಭಾರದ ಮರಗಳು. ಗಾಳಿಮರ, ಹುಣಸೆ, ಮತ್ತಿ, ಜಾಲಿ. ಹಳೆ ಕಾಫಿ ಗಿಡ ಕಿತ್ತಾಗ ಸಿಗುವ ಬುಡಗಳು ನೋಡಲು ಸೊಟ್ಟಪಟ್ಟ, ಬೆಂಕಿಯಲ್ಲಿ ಮಾತ್ರ ಬಂಗಾರ. ಕರಾವಳಿಯವರು ಗಾಳಿಮರ ಬಿಟ್ಟು ಬೇರೆ ಸೌದೆಯನ್ನು ಮೆಚ್ಚುವುದೇ ಕಷ್ಟ, ಅದರಲ್ಲಿ ನ್ಯಾಯವೂ ಇದೆ. ರಾತ್ರಿ ಹಂಡೆ ಒಲೆಗೆ ಗಾಳಿಮರದ ಒಂದು ತುಂಡು ಹಾಕಿ ಬೂದಿ ಮುಚ್ಚಿಟ್ಟರೆ ಬೆಳಗ್ಗೆ ಬೂದಿ ಸರಿಸಿದಾಗ ಕೆಂಡ ಕಾಣುತ್ತದೆ.

ಬೇಡದ್ದು ಯಾವುದು? ಬೂರುಗ, ನುಗ್ಗೆ, ಹಾಲವಾಣ ಇವು ಜಾಗ ತಿನ್ನುತ್ತವೆ, ಶಾಖ ಕೊಡುವುದಿಲ್ಲ. ಬೇಲಿಯಲ್ಲಿ ಬಿದ್ದಿದ್ದರೆ ಉರಿಸಿ, ದುಡ್ಡು ಕೊಟ್ಟು ತರಬೇಡಿ. ರಬ್ಬರ್ ಮರವನ್ನು ಹಸಿಯಾಗಿ ಬಿಟ್ಟರೆ ಬೇಗ ಬೂಸ್ಟು ಬರುತ್ತದೆ, ಮರ ಕೊರೆಯುವ ಕುಟ್ಟೆ ಹುಳ ಹಿಡಿಯುತ್ತದೆ. ತಂದ ವಾರದಲ್ಲೇ ಸೀಳಿ ಹರವಬೇಕು. ಬಿದಿರನ್ನು ಒಲೆಗೆ ಹಾಕಬಾರದು ಅನ್ನುವ ನಂಬಿಕೆ ನಮ್ಮಲ್ಲಿದೆ, ಚಟ್ಟಕ್ಕೆ ಬಳಸುವುದರಿಂದ. ನಂಬಿಕೆ ಇಲ್ಲದವರಿಗೂ ಒಂದು ಕಾರಣ ಇದೆ. ಗಂಟಿನ ನಡುವೆ ಸಿಕ್ಕಿಕೊಂಡ ಗಾಳಿ ಕಾದು, ಬಿದಿರು ಪಟಾಕಿ ಹಾಗೆ ಸಿಡಿಯುತ್ತದೆ. ಸೀಳಿ ಹಾಕಿದರೆ ಆ ಕಾಟ ಇಲ್ಲ.

ಮುಟ್ಟಲೇಬಾರದ್ದು ಹೊಲಗೇರು ಮತ್ತು ಅದರ ಬಳಗ. ಕಡಿದಾಗ ಬರುವ ಸೊನೆ ಕಪ್ಪಾಗುತ್ತದೆ, ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ. ಕೆಲವರಿಗಂತೂ ಮುಖವೆಲ್ಲ ಊದಿಕೊಳ್ಳುತ್ತದೆ. ಮಿಶ್ರ ಕಾಡುಕಟ್ಟಿಗೆ ಲೋಡು ಬಂದಾಗ ಕಪ್ಪು ಸೊನೆ ಇಳಿದ ತುಂಡು ಕಂಡರೆ ಬೇರೆ ಇಡಿ, ಗೊತ್ತಿದ್ದವರಿಗೆ ತೋರಿಸಿ. ಕಣಗಿಲೆ ಸವರಿದ ಕೊಂಬೆಗಳನ್ನೂ ಒಲೆಗೆ ಹಾಕಬೇಡಿ, ಅದರ ಹೊಗೆಯೂ ವಿಷ. ಬಣ್ಣ ಬಳಿದ ಹಳೆ ಕಿಟಕಿ, ಪ್ಲೈವುಡ್ ಚೂರು ಕೂಡ ಬೇಡ. ಬಚ್ಚಲಲ್ಲೇ ತಾನೇ ಅನ್ನಬೇಡಿ. ಉಸಿರಾಡುವುದು ಅಲ್ಲೂ ಉಂಟಲ್ವಾ.

ಕೊಳ್ಳುವಾಗ

ಸೌದೆ ಎರಡು ರೀತಿಯಲ್ಲಿ ಮಾರುತ್ತಾರೆ. ತೂಕದ ಮೇಲೆ ಅಥವಾ ಲೋಡಿನ ಮೇಲೆ. ಎರಡರಲ್ಲೂ ಮೋಸ ಹೋಗುವ ದಾರಿ ಬೇರೆ ಬೇರೆ.

ತೂಕಕ್ಕೆ ಕೊಂಡರೆ ನೀವು ನೀರಿಗೂ ದುಡ್ಡು ಕೊಡುತ್ತೀರಿ. ಹಸಿ ಸೌದೆಯ ಒಂದು ಕ್ವಿಂಟಾಲಿನಲ್ಲಿ ಮರ ಇರುವುದು 50 ಕಿಲೋ. ಒಣಗಿದ ಕ್ವಿಂಟಾಲಿನಲ್ಲಿ 80 ಕಿಲೋ. ಅದೇ ದರ ಆದರೆ ಒಣಗಿದ್ದರಲ್ಲಿ ಉರುವಲು ಒಂದೂವರೆ ಪಟ್ಟಿಗೂ ಜಾಸ್ತಿ. ಲೋಡಿಗೆ ಕೊಂಡರೆ ನೀರಿನ ಚಿಂತೆ ಇಲ್ಲ. ಆದರೆ ಅಲ್ಲಿ ಹಗುರ ಮರ ತುಂಬಿ ಕಳಿಸುತ್ತಾರೆ, ಸೊಟ್ಟ ತುಂಡುಗಳ ನಡುವೆ ಗಾಳಿ ತುಂಬಿರುತ್ತದೆ. ಹಾಗಾಗಿ ಹಗುರ ಮರ ತೂಕಕ್ಕೆ, ಭಾರದ ಮರ ಲೋಡಿಗೆ. ಮಾರುವವರಿಗೂ ಈ ಲೆಕ್ಕ ಗೊತ್ತಿರುತ್ತದೆ, ಅವರು ಉಲ್ಟಾ ಹೇಳುತ್ತಾರೆ. ಚೌಕಾಸಿ ನಿಮಗೆ ಬಿಟ್ಟದ್ದು.

ನಿಮ್ಮದೇ ಜಾಗದ ಮರ ಆದರೂ ಸುಮ್ನೆ ಕಡಿಯುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಸಿಲ್ವರ್ ಓಕ್, ಗಾಳಿಮರ, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಉಳಿದವಕ್ಕೂ ಸಾಗಣೆಗೂ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಂದು ಮಾತು ಕೇಳಿ ಮುಂದುವರಿಯಿರಿ.

ಕಡಿಸುವುದು ನಿಮ್ಮ ಕೈಯಲ್ಲೇ ಇದ್ದರೆ ನವೆಂಬರ್, ಡಿಸೆಂಬರ್ ಸರಿಯಾದ ಕಾಲ. ಒಂದು ಸಣ್ಣ ಉಪಾಯ ಇದೆ. ಮರ ಉರುಳಿಸಿದ ತಕ್ಷಣ ಕೊಂಬೆ ಸವರಬೇಡಿ. ಎಲೆ ಸಮೇತ ಎರಡು ವಾರ ಹಾಗೇ ಬಿಡಿ. ಎಲೆಗಳು ಬಾಡುವ ತನಕ ಕಾಂಡದ ನೀರನ್ನು ಎಳೆದು ಗಾಳಿಗೆ ಬಿಡುತ್ತಲೇ ಇರುತ್ತವೆ. ನಿಮ್ಮ ಕೆಲಸ ಅವೇ ಸ್ವಲ್ಪ ಮಾಡಿಕೊಡುತ್ತವೆ. ಅಮಾವಾಸ್ಯೆ ಹತ್ತಿರ ಕಡಿದರೆ ಕುಟ್ಟೆ ಹಿಡಿಯುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ. ನಾನು ಪರೀಕ್ಷೆ ಮಾಡಿಲ್ಲ. ಕುಟ್ಟೆ ಹುಳ ಹುಡುಕಿಕೊಂಡು ಬರುವುದು ಮರದ ಹೊರಪದರದ ಪಿಷ್ಟಕ್ಕೆ. ಬೇಗ ಸೀಳಿ ಒಣಗಿಸಿದರೆ ಅದರ ಉಪದ್ರವ ಕಡಿಮೆ ಅನ್ನುವುದನ್ನು ಮಾತ್ರ ಕಣ್ಣಾರೆ ನೋಡಿದ್ದೇನೆ.

ಸೀಳುವುದು: ಎಲ್ಲಕ್ಕಿಂತ ಮುಖ್ಯ ಹೆಜ್ಜೆ

ಮರದೊಳಗೆ ನೀರು ಓಡಾಡುವುದು ಬೇರಿನಿಂದ ಎಲೆಯ ಕಡೆಗೆ, ಉದ್ದುದ್ದ ಕೊಳವೆಗಳಲ್ಲಿ. ಕಡಿದ ಮೇಲೂ ನೀರು ಹೊರಬರುವ ದಾರಿ ಅದೇ. ತುಂಡಿನ ಎರಡು ತುದಿಗಳಿಂದ ಬೇಗ ಹೋಗುತ್ತದೆ, ಪಕ್ಕದಿಂದ ಬಹಳ ನಿಧಾನ. ತೊಗಟೆ ಇರುವ ಕಡೆಯಿಂದ ಹೆಚ್ಚುಕಡಿಮೆ ಹೋಗುವುದೇ ಇಲ್ಲ. ಮರ ಬದುಕಿದ್ದಾಗ ನೀರು ಆರದ ಹಾಗೆ ಕಾಯುವುದೇ ತೊಗಟೆಯ ಕೆಲಸ ತಾನೇ? ಸತ್ತ ಮೇಲೂ ಅದು ತನ್ನ ಕೆಲಸ ಬಿಡುವುದಿಲ್ಲ.

ಇದರಿಂದ ಎರಡು ಮಾತು. ಒಂದು, ತುಂಡು ಗಿಡ್ಡ ಇದ್ದಷ್ಟೂ ಬೇಗ ಒಣಗುತ್ತದೆ. ಎರಡು, ತೊಗಟೆ ಸಮೇತ ಇರುವ ದುಂಡನೆ ಕುಂಟೆ, ನೀವು ಎಷ್ಟೇ ಬಿಸಿಲಿಗೆ ಹಾಕಿದರೂ, ಒಳಗೆ ಹಸಿಯಾಗೇ ಇರುತ್ತದೆ. ನನ್ನ ಏಪ್ರಿಲ್ ಸೌದೆಗೆ ಆದದ್ದೂ ಇದೇ. ಜುಲೈಯಲ್ಲಿ ಒಂದನ್ನು ಸೀಳಿ ನೋಡಿದೆ. ಹೊರಗೆ ಒಂದು ಬೆರಳು ದಪ್ಪ ಒಣಗಿತ್ತು. ಒಳಗೆ ಕೈ ಇಟ್ಟರೆ ತಣ್ಣಗೆ, ಹಸಿ ಮರದ ಹುಳಿ ವಾಸನೆ.

ಒಲೆಯ ಬಾಯಿ ಅಳೆದು ತುಂಡಿನ ಉದ್ದ ನಿರ್ಧರಿಸಿ. ಬಚ್ಚಲ ಒಲೆಗೆ ಒಂದೂವರೆ ಅಡಿ ಸಾಕು. ಮೂರು ಅಡಿ ಕುಂಟೆಯ ಅರ್ಧ ಒಲೆಯಲ್ಲಿ, ಅರ್ಧ ನೆಲದ ಮೇಲೆ ಬಿಟ್ಟು ದೂಡುತ್ತಾ ಹೋಗುವುದು ನಮ್ಮ ಹಳೆ ಅಭ್ಯಾಸ. ಒಣಗಿಸುವ ದೃಷ್ಟಿಯಿಂದ ಅದು ಒಳ್ಳೆಯದಲ್ಲ. ಹೊರಗೆ ಚಾಚಿದ ಕೊಳ್ಳಿ ಮಕ್ಕಳ ಕಾಲಿಗೂ ಅಪಾಯ.

ದಪ್ಪ: ಹೊತ್ತಿಸುವುದು ಹೆಬ್ಬೆರಳಿನಷ್ಟು, ಉರಿಯುವುದು ಮಣಿಕಟ್ಟಿನಷ್ಟು, ನಿಲ್ಲುವುದು ತೋಳಿನಷ್ಟು. ಮುಂಗೈಗಿಂತ ದಪ್ಪ ಇರುವ ಯಾವುದನ್ನೂ ದುಂಡಗೆ ಬಿಡಬೇಡಿ. ಕನಿಷ್ಠ ಎರಡು ಹೋಳು ಮಾಡಿ. ತೀರಾ ಸಣ್ಣ ಕೊಂಬೆಗಾದರೆ ಮಚ್ಚಿನಿಂದ ಒಂದು ಪಕ್ಕದ ತೊಗಟೆ ಕೆತ್ತಿದರೂ ಸಾಕು.

ಸೀಳಲು ಹಸಿ ಇದ್ದಾಗಲೇ ಸುಲಭ. ಬಹುಪಾಲು ಮರ ಒಣಗಿದಷ್ಟೂ ಬಿಗಿಯುತ್ತದೆ, ಗಾಳಿಮರವಂತೂ ಕಬ್ಬಿಣ. ನೆಲದ ಮೇಲಿಟ್ಟು ಹೊಡೆಯಬೇಡಿ, ಏಟಿನ ಅರ್ಧ ಬಲ ಮಣ್ಣು ತಿನ್ನುತ್ತದೆ. ಅಗಲವಾದ ಕೊರಡಿನ ಮೇಲೆ ನಿಲ್ಲಿಸಿ. ತುದಿಯಲ್ಲಿ ಮೊದಲೇ ಬಿರುಕು ಬಿಟ್ಟಿದ್ದರೆ ಅದೇ ಗೆರೆಗೆ ಕೊಡಲಿ ಇಳಿಯಲಿ. ದೊಡ್ಡ ದಿಮ್ಮಿಯ ನಟ್ಟನಡುವೆ ಹೊಡೆಯುವುದು ಹೊಸಬರ ಕೆಲಸ. ಅಂಚಿನಿಂದ ಹೋಳು ಹೋಳಾಗಿ ಬಿಡಿಸಿಕೊಂಡು ಒಳಗೆ ಹೋಗಿ. ಗಂಟು ಬಂದರೆ ಬೆಣೆ ಹಾಕಿ. ಅದಕ್ಕೂ ಬಗ್ಗದ ಗಂಟಿನ ಜೊತೆ ಜಗಳ ಬೇಡ. ಅದನ್ನು ಪಕ್ಕಕ್ಕಿಟ್ಟು ಎರಡು ವರ್ಷ ಮರೆತುಬಿಡಿ. ಚಳಿಗೆ ಬೆಂಕಿ ಹಾಕುವ ದಿನ ಒಂದು ಗಂಟು ಇಡೀ ರಾತ್ರಿ ನಡೆಯುತ್ತದೆ. ಪಾದ ಮುಚ್ಚುವ ಬೂಟು ಹಾಕಿಕೊಳ್ಳಿ, ಹವಾಯಿ ಚಪ್ಪಲಿಯಲ್ಲಿ ಕೊಡಲಿ ಎತ್ತಬೇಡಿ. ಚಕ್ಕೆ ಕಣ್ಣಿಗೆ ಹಾರುತ್ತದೆ, ಒಂದು ಕನ್ನಡಕವೂ ಇರಲಿ.

ಒಟ್ಟುವುದು

ಸೌದೆ ಒಣಗಿಸುವುದು ಬಿಸಿಲಿಗಿಂತ ಗಾಳಿಯ ಕೆಲಸ. ಬಿಸಿಲು ಮೇಲಿನ ಸಾಲನ್ನು ಮಾತ್ರ ಮುಟ್ಟುತ್ತದೆ. ಗಾಳಿ ಸಂದುಸಂದಿಗೂ ಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೀಸುವ ಮೂಡಗಾಳಿ ತುಟಿ ಒಡೆಸುವಷ್ಟು ಒಣ. ತುಟಿ ಒಡೆಯುವ ಕಾಲದಲ್ಲಿ ಸೌದೆ ಹೊರಗಿರಬೇಕು, ಅಷ್ಟೇ.

ಗಾಳಿ ಆಡುವ, ನೀರು ನಿಲ್ಲದ ಜಾಗ ಹುಡುಕಿ. ಮನೆಗೋಡೆಗೆ ತಾಗಿಸಬೇಡಿ. ಗೋಡೆ ಕಡೆ ಗಾಳಿ ಇಲ್ಲ, ಜೊತೆಗೆ ಗೆದ್ದಲಿಗೆ ಮನೆಯೊಳಗೆ ಬರಲು ಸೇತುವೆ ಕಟ್ಟಿಕೊಟ್ಟ ಹಾಗೆ. ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ. ನಾನು ನಾಲ್ಕು ಸಾಲು ಕಲ್ಲಿಟ್ಟು ಮೇಲೆ ಹಳೆ ಅಡಿಕೆ ಮರದ ದಬ್ಬೆ ಹಾಸುತ್ತೇನೆ. ದಬ್ಬೆಗೆ ಎರಡು ವರ್ಷ ಆಯಸ್ಸು, ಆಮೇಲೆ ಅದೂ ಒಲೆಗೆ.

ಒಂದೇ ಸಾಲು ಒಟ್ಟಿ. ಎರಡು ಸಾಲು ಬೇಕೇ ಬೇಕಾದರೆ ನಡುವೆ ಒಂದು ಗೇಣು ಸಂದು ಬಿಡಿ. ಸಾಲಿನ ಎರಡು ತುದಿಯಲ್ಲಿ ತುಂಡುಗಳನ್ನು ಅಡ್ಡಡ್ಡ, ಉದ್ದುದ್ದ ಕತ್ತರಿ ಹಾಕಿ ಗೋಪುರದ ಹಾಗೆ ಎಬ್ಬಿಸಿ. ಅದು ಕಂಬದ ಕೆಲಸ ಮಾಡುತ್ತದೆ. ಎದೆಮಟ್ಟಕ್ಕಿಂತ ಎತ್ತರ ಬೇಡ. ಮಳೆಗಾಳಿಗೆ ಬಿದ್ದರೆ ಪಕ್ಕದಲ್ಲಿ ಆಡುವ ಮಕ್ಕಳ ಮೇಲೇ. ಸೀಳಿದ ಮೈ ಕೆಳಗೆ, ತೊಗಟೆ ಮೇಲೆ ಇರಲಿ. ಅಕಾಲ ಮಳೆ ಬಂದರೆ ತೊಗಟೆಯೇ ಹೆಂಚಿನ ಹಾಗೆ ನೀರು ಜಾರಿಸುತ್ತದೆ.

ತೀರಾ ಒತ್ತೊತ್ತಾಗಿ ಚಂದ ಮಾಡಲು ಹೋಗಬೇಡಿ. ನನ್ನ ಸಾಲು ನೋಡಿ ಕೆಲಸಕ್ಕೆ ಬಂದ ಹಿರಿಯರೊಬ್ಬರು, "ಇಲಿ ನುಗ್ಗಬೇಕು, ಬೆಕ್ಕು ನುಗ್ಗಬಾರದು, ಅಷ್ಟು ಸಂದು ಇರಲಿ ತಮ್ಮಾ" ಅಂದಿದ್ದರು. ಇದಕ್ಕಿಂತ ಒಳ್ಳೆಯ ಅಳತೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ತಾಡಪಾಲಿನ ವಿಷಯಕ್ಕೆ ಬರೋಣ. ಡಿಸೆಂಬರಿನಿಂದ ಮಾರ್ಚ್ ತನಕ ಮುಚ್ಚುವುದೇ ಬೇಡ. ಏಪ್ರಿಲಿನಲ್ಲಿ ಗುಡುಗು ಮಳೆ ಶುರುವಾದಾಗ ಮೇಲ್ಭಾಗಕ್ಕೆ ಮಾತ್ರ ತಗಡೋ ಅಡಿಕೆ ಸೋಗೆಯೋ ಹಾಕಿ. ಪಕ್ಕಗಳು ತೆರೆದೇ ಇರಲಿ. ಪೂರ್ತಿ ಸುತ್ತಿ ಕಟ್ಟಿದರೆ ಸೌದೆ ಬಿಟ್ಟ ಆವಿ ಒಳಗೇ ಹನಿಯಾಗಿ ಮತ್ತೆ ಸೌದೆ ಮೇಲೇ ಬೀಳುತ್ತದೆ. ನನ್ನದಕ್ಕೆ ಜೂನಿನಲ್ಲಿ ಬಿಳಿ ಬೂಸ್ಟು, ಜುಲೈಯಲ್ಲಿ ಅಣಬೆ. ಅಣಬೆ ತಿನ್ನುವಂಥದ್ದೂ ಆಗಿರಲಿಲ್ಲ.

ಸಾಲಿನಿಂದ ಸೌದೆ ತೆಗೆಯುವಾಗ ಸಂದಿಗೆ ಬರಿಗೈ ಹಾಕಬೇಡಿ. ಚೇಳು, ಕೊಳಕುಮಂಡಲಕ್ಕೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಕೋಲಿನಿಂದ ಒಂದು ಸಲ ತಟ್ಟಿ, ಮೇಲಿನಿಂದ ಒಂದೊಂದೇ ತೆಗೆಯಿರಿ. ರಾತ್ರಿ ಬ್ಯಾಟರಿ ಇಲ್ಲದೆ ಹೋಗಲೇಬೇಡಿ.

ಒಣಗಿತೋ ಇಲ್ಲವೋ?

ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಠಣ್ ಅನ್ನುತ್ತದೆ, ಹಸಿ ಇದ್ದರೆ ದಬ್. ತುದಿಯಲ್ಲಿ ನಡುವಿನಿಂದ ಹೊರಗೆ ಕಿರಣದ ಹಾಗೆ ಬಿರುಕು ಬಿಟ್ಟಿರಬೇಕು. ಆದರೆ ಬಿರುಕು ಕಂಡ ಕೂಡಲೇ ಹಿಗ್ಗಬೇಡಿ. ತುದಿಗಳು ಮೊದಲು ಒಣಗುವುದರಿಂದ ಬಿರುಕು ಬಿಟ್ಟ ಮೇಲೂ ನಡುಭಾಗ ಹಸಿ ಇರಬಹುದು. ಸಂಶಯ ಬಂದರೆ ಒಂದನ್ನು ಸೀಳಿ, ಹೊಸ ಮೈಯನ್ನು ಕೆನ್ನೆಗೆ ಒತ್ತಿ ನೋಡಿ. ಅಂಗೈಗಿಂತ ಕೆನ್ನೆಗೆ ತಂಪು ಬೇಗ ಗೊತ್ತಾಗುತ್ತದೆ.

ನನಗೆ ಜಾಸ್ತಿ ನಂಬಿಕೆ ಇರುವುದು ತಕ್ಕಡಿ ಮೇಲೆ. ಸೀಳಿದ ದಿನವೇ ನಾಲ್ಕೈದು ತುಂಡು ಆರಿಸಿ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಅದರ ಮೈಮೇಲೇ ಸೀಮೆಸುಣ್ಣದಲ್ಲಿ ತಾರೀಕು, ತೂಕ ಬರೆಯಿರಿ. ಸಾಲಿನ ನಡುವೆ, ಕೈಗೆ ಸಿಗುವ ಹಾಗೆ ಸೇರಿಸಿ. ಹದಿನೈದು ದಿನಕ್ಕೊಮ್ಮೆ ತೂಗಿ. ಅರ್ಧ ನೀರು ಇದ್ದ 1,000 ಗ್ರಾಮಿನ ತುಂಡು 625 ಗ್ರಾಮಿಗೆ ಬಂದರೆ ಶೇ. 20ಕ್ಕೆ ಬಂದ ಹಾಗೆ. ನಿಮ್ಮ ಮರದಲ್ಲಿ ಮೊದಲು ಎಷ್ಟು ನೀರಿತ್ತು ಅಂತ ಗೊತ್ತಿಲ್ಲದಿದ್ದರೂ ತೊಂದರೆ ಇಲ್ಲ. ಮೊದಲ ತಿಂಗಳು ತೂಕ ದಡದಡ ಇಳಿಯುತ್ತದೆ, ಆಮೇಲೆ ನಿಧಾನ. ಬೇಸಿಗೆಯಲ್ಲಿ ಎರಡು ಸಲ ತೂಗಿದಾಗಲೂ ಒಂದೇ ತೂಕ ಬಂದರೆ ಆ ತುಂಡು ಗಾಳಿಗೆ ಬಿಡಬೇಕಾದಷ್ಟು ನೀರನ್ನು ಬಿಟ್ಟಾಗಿದೆ ಅಂತ ಅರ್ಥ.

ತೇವ ಅಳೆಯುವ ಸಣ್ಣ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ಅದರ ಎರಡು ಮುಳ್ಳನ್ನು ಹೊರಮೈಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಸೀಳಿದ ಹೊಸ ಮೈಗೆ, ನಡುವೆ ಚುಚ್ಚಬೇಕು. ಇನ್ನೊಂದು ವಿಷಯ, ಆ ಮೀಟರ್ ತೋರಿಸುವುದು ಒಣಮರದ ತೂಕಕ್ಕೆ ನೀರು ಎಷ್ಟು ಅಂತ. ಅದರಲ್ಲಿ 25 ಬಂದರೆ ನಮ್ಮ ಲೆಕ್ಕದ ಶೇ. 20 ಅದೇ.

ಮಣಿಕಟ್ಟಿನ ದಪ್ಪಕ್ಕೆ ಸೀಳಿದ ಅಕೇಶಿಯಾ, ಸಿಲ್ವರ್ ಓಕ್ ಡಿಸೆಂಬರಿನಲ್ಲಿ ಒಟ್ಟಿದರೆ ಮೇ ಹೊತ್ತಿಗೆ ತಯಾರು. ತೋಳು ದಪ್ಪದ ಹುಣಸೆ, ಗಾಳಿಮರಕ್ಕೆ ಇನ್ನೊಂದು ಬೇಸಿಗೆ ಕೊಟ್ಟರೆ ಚೆನ್ನ. ಅದಕ್ಕೇ ನಿಲ್ಲುವ ರಾಶಿಯನ್ನು ಯಾವಾಗಲೂ ಒಂದು ವರ್ಷ ಮುಂಚಿತವಾಗಿ ತರಿಸುತ್ತೇನೆ. ಅತಿಯಾಗಿ ಇಟ್ಟರೂ ಕಷ್ಟ. ಮೂರ್ನಾಲ್ಕು ವರ್ಷ ಮೂಲೆಯಲ್ಲಿ ಬಿದ್ದ ಹಗುರ ಮರ ಲಡ್ಡಾಗುತ್ತದೆ, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಅದರಲ್ಲಿ ಶಾಖ ಉಳಿದಿರುವುದಿಲ್ಲ.

ಕೊಟ್ಟಿಗೆಗೆ ಸೇರಿಸುವುದು

ಮೇ ಎರಡನೇ ವಾರ ನನ್ನ ಗಡುವು. ರೋಹಿಣಿ ಮಳೆ ಕಾಯುತ್ತಾ ಕೂತರೆ ಕೆಲಸದವರೂ ಸಿಗುವುದಿಲ್ಲ. ಆಗ ಎಲ್ಲರ ಮನೆಯಲ್ಲೂ ಇದೇ ಕೆಲಸ. ಎರಡು ದಿನ ಬಿಸಿಲು ಬಿದ್ದ ಮಧ್ಯಾಹ್ನ, ಸೌದೆ ಮೈ ಬಿಸಿ ಇದ್ದಾಗಲೇ ಒಳಗೆ ಹಾಕಿ.

ಒಳಗೆ ಹಾಕುವ ಕ್ರಮದಲ್ಲೇ ಎಲ್ಲರೂ ಎಡವುವುದು. ಹಳೆ ಸೌದೆ ಹಿಂದೆಯೇ ಉಳಿಯುತ್ತದೆ, ಹೊಸ ಸೌದೆ ಅದರ ಮುಂದೆ ಬಂದು ಕೂರುತ್ತದೆ. ಜೂನಿನಲ್ಲಿ ಮುಂದಿನದ್ದೇ ಉರಿಯುತ್ತದೆ, ಹಳೆಯದು ಗೆದ್ದಲಿಗೆ. ಹಳೆಯದನ್ನು ಮೊದಲು ಹೊರಗೆ ಎಳೆದು ಹೊಸದನ್ನು ಹಿಂದಕ್ಕೆ ಒಟ್ಟಿ. ಮೂರೂ ರಾಶಿಗೆ ಬಾಗಿಲಿನಿಂದ ಕೈ ಎಟುಕಬೇಕು. ಇಲ್ಲದಿದ್ದರೆ ಮೊದಲ ಹದಿನೈದು ದಿನದಲ್ಲಿ ಹೊತ್ತಿಸುವುದೆಲ್ಲ ಖಾಲಿಯಾಗಿ ಗಾಳಿಮರದ ಗುಡ್ಡೆ ಮುಂದೆ ಬೆಂಕಿಪೊಟ್ಟಣ ಹಿಡಿದು ನಿಲ್ಲುತ್ತೀರಿ. ಇರಿಚಲು ಹೊಡೆಯುವ ಪಡುವಣ ಕಡೆಗೆ ಸೋಗೆ ತಟ್ಟಿ ಕಟ್ಟಿ. ಎದುರಿನ ಕಡೆ ತೆರೆದಿರಲಿ.

ಮಳೆಗಾಲದೊಳಗೆ

ಎಷ್ಟೇ ಒಣಗಿಸಿದ್ದರೂ ಜುಲೈಯ ಗಾಳಿಯಿಂದ ಸೌದೆ ಸ್ವಲ್ಪ ತೇವ ಹೀರುತ್ತದೆ. ಆದರೆ ಹಸಿ ಮರದ ಹಾಗೆ ಆಗುವುದಿಲ್ಲ. ಇದು ಹಪ್ಪಳ ಮೆತ್ತಗಾದ ಹಾಗೆ. ಸ್ವಲ್ಪ ಬಿಸಿ ತಾಗಿದರೆ ಸರಿಹೋಗುತ್ತದೆ. ಎರಡು ದಿನದ ಸೌದೆಯನ್ನು ಒಲೆ ಮೇಲಿನ ಅಟ್ಟಕ್ಕೋ ಬಚ್ಚಲ ಮೂಲೆಗೋ ತಂದಿಡಿ. ಒಲೆ ಬಾಯಿಂದ ಮೂರು ಅಡಿ ದೂರ ಇರಲಿ. ನಾನೊಮ್ಮೆ ರಾತ್ರಿ ಆರಿದ ಒಲೆಯೊಳಗೆ ಬೆಳಗಿನ ಸೌದೆ ಒಣಗಲಿ ಅಂತ ತುಂಬಿಟ್ಟು ಮಲಗಿದ್ದೆ. ಬೂದಿಯಡಿ ಕೆಂಡ ಇತ್ತು. ನಡುರಾತ್ರಿ ಹಂಡೆ ಕುದಿಯುವ ಸದ್ದಿಗೆ ಮನೆಯವರೆಲ್ಲ ಎದ್ದರು. ಹಂಡೆಯಲ್ಲಿ ನೀರಿತ್ತು, ಬಚಾವಾದೆ.

ಬೆಂಕಿ ಹಾಕುವಾಗ ಆ ಮೂರು ರಾಶಿಯ ಕ್ರಮ ತಪ್ಪಿಸಬೇಡಿ. ಮೊದಲು ಕರಟ, ಪುಳ್ಳೆ. ಜ್ವಾಲೆ ನಿಂತ ಮೇಲೆ ಮಣಿಕಟ್ಟಿನ ಸೌದೆ ಎರಡು, ನಡುವೆ ಗಾಳಿಗೆ ಸಂದು ಬಿಟ್ಟು. ಕೆಂಡ ಕೂತ ಮೇಲೆ ಭಾರದ ತುಂಡು ಒಂದು. ಒಲೆ ತುಂಬ ತುರುಕಿದರೆ ಗಾಳಿ ಇಲ್ಲದೆ ಮತ್ತೆ ಅದೇ ಹೊಗೆ. ಬೂದಿ ಅರ್ಧ ಒಲೆ ಏರುವ ತನಕ ಬಿಡಬೇಡಿ. ತೆಗೆದು ತೋಟಕ್ಕೆ ಹಾಕಿ.

ಕೊಡಗಿನಲ್ಲೋ ಚಿಕ್ಕಮಗಳೂರಿನ ಬೆಟ್ಟದ ಮೇಲಿನ ಮನೆಗಳಲ್ಲೋ ಚಳಿಗೆ ಕೋಣೆಯೊಳಗೆ ಅಗ್ಗಿಷ್ಟಿಕೆ ಇಟ್ಟುಕೊಳ್ಳುವವರು ಒಂದು ಮಾತು ಮರೆಯಬಾರದು. ಹೊಗೆ ಇಲ್ಲದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಬಾಗಿಲು ಕಿಟಕಿ ಮುಚ್ಚಿ, ಕೆಂಡ ಒಳಗಿಟ್ಟು ಮಲಗಿದವರು ಏಳದೇ ಹೋದದ್ದಿದೆ. ಕಾಯಿಸಿಕೊಳ್ಳಿ, ಮಲಗುವ ಮುಂಚೆ ಹೊರಗೆ ಹಾಕಿ. ಹೊಗೆಕೊಳವೆ ಇರುವ ಒಲೆ ಆದರೆ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಕೊಳವೆಯ ಮಸಿ ಕೆರೆಯಿರಿ. ಅಡುಗೆಮನೆಯ ಇಲ್ಲಣವನ್ನೂ ಆವತ್ತೇ ಹೊಡೆದುಬಿಡಿ. ಹೇಗೂ ಮೈ ಕಪ್ಪಾಗಿರುತ್ತದೆ.

ದೀಪಾವಳಿಗೆ ನೀರು ತುಂಬುವ ಹಬ್ಬದ ಹಿಂದಿನ ದಿನ ಹಂಡೆ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ಹಂಡೆಯ ತಳ ನೋಡಿದರೆ ಆ ವರ್ಷದ ಸೌದೆ ಹೇಗಿತ್ತು ಅಂತ ಗೊತ್ತಾಗುತ್ತದೆ. ಹಸಿ ಸೌದೆಯ ವರ್ಷ ಡಾಂಬರಿನಂಥ ಜಿಗುಟು ಮಸಿ, ಇಬ್ಬರು ಕೂತು ಮಧ್ಯಾಹ್ನವಿಡೀ ಕೆರೆಯಬೇಕು. ಹೋದ ವರ್ಷದ್ದು ಒಣ ಮಸಿ, ತೆಂಗಿನ ನಾರಿಗೇ ಉದುರಿತು. ಅಮ್ಮ ಹಂಡೆ ಕಂಠಕ್ಕೆ ಹಿಂಡಲಕಾಯಿ ಬಳ್ಳಿ ಸುತ್ತುತ್ತಾ ಒಮ್ಮೆ ಕೊಟ್ಟಿಗೆ ಕಡೆ ನೋಡಿ, "ಈ ಸಲ ಸೀಳುವವರಿಗೆ ಹೇಳಿದ್ಯಾ?" ಅಂದರು. ಹೇಳಿದ್ದೆ.